ತಾನೇ ತೊಳೆದುಕೊಳ್ಳುವ ಉಣ್ಣೆ: ಹೇಳಿದ್ದೆಷ್ಟು, ಆದದ್ದೆಷ್ಟು?

ಧಾರವಾಡ ಜಿಲ್ಲೆ ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಲ್ಲಿ ಒಮ್ಮೆ ಶಾಲಾಮಕ್ಕಳ ಎದುರು ನ್ಯಾನೊ ತಂತ್ರಜ್ಞಾನದ ಬಗ್ಗೆ ಮಾತನಾಡುವ ಸಂದರ್ಭ ಬಂದಿತ್ತು. ಕಮಲದ ಎಲೆ, ಕಲೆ ಹಿಡಿಯದ ಅಂಗಿ, ತಾನೇ ಸ್ವಚ್ಛವಾಗುವ ಗಾಜು ಎಂದು ಒಂದೊಂದಾಗಿ ಹೇಳುತ್ತ ಬಂದು, ಕೊನೆಗೆ ತೊಳೆಯಬೇಕಿಲ್ಲದ ಉಣ್ಣೆಯ ಬಟ್ಟೆಯ ಮಾತೆತ್ತಿದೆ. ಹಿಂದೆ ಗೋಡೆಗೆ ಒರಗಿ ಕುಳಿತಿದ್ದ, ಹೆಗಲ ಮೇಲೆ ಕರಿ ಕಂಬಳಿ ಹೊದ್ದ ಹಿರಿಯರೊಬ್ಬರು, "ಸರ, ಕಂಬಳಿ ಯಾರ್ ತೊಳೀತಾರ್ರಿ?" ಎಂದರು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ಬಿಡಲಿಲ್ಲ. ನಾನು ಅಷ್ಟು ಉತ್ಸಾಹದಿಂದ ವರ್ಣಿಸಿದ ಆ ಉಣ್ಣೆ ಯಾವ ಕುರಿಯದು, ಯಾರ ಮೈಮೇಲಿನದು, ಯಾವ ಕಲೆಗೆ ಮದ್ದು ಎಂಬುದನ್ನು ನಾನೇ ಸರಿಯಾಗಿ ವಿಚಾರಿಸಿರಲಿಲ್ಲ. ಈ ಲೇಖನ ಆ ವಿಚಾರಣೆ. ನೀವೂ ಶಿಕ್ಷಕರೋ ವಿದ್ಯಾರ್ಥಿಗಳೋ ಆಗಿದ್ದು, ಇಂಥ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತರಗತಿಯಲ್ಲಿ ಹೇಳಿದ್ದರೆ ನನ್ನ ತಪ್ಪಿನಲ್ಲಿ ನಿಮಗೂ ಪಾಲಿದೆ.

ಮೊದಲು ಸುದ್ದಿಯ ಮೂಲ ನೋಡೋಣ. 2004ರಲ್ಲಿ ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ವಾಲಿದ್ ದಾವೂದ್ ಮತ್ತು ಜಾನ್ ಶಿನ್ ಅವರು ಹತ್ತಿಬಟ್ಟೆಯ ಮೇಲೆ ಟೈಟಾನಿಯಂ ಡೈ ಆಕ್ಸೈಡಿನ ಅತಿ ಸೂಕ್ಷ್ಮ ಹರಳುಗಳನ್ನು ಕಡಿಮೆ ಉಷ್ಣತೆಯಲ್ಲೇ ಬೆಳೆಸಿ ತೋರಿಸಿದರು. ಮುಂದೆ ದಾವೂದ್ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯ ಸೇರಿದರು. 2008ರಲ್ಲಿ ಅವರ ತಂಡ ಅದೇ ಲೇಪನವನ್ನು ಉಣ್ಣೆಗೆ ಹಚ್ಚಿದ ವಿಷಯವನ್ನು 'ಕೆಮಿಸ್ಟ್ರಿ ಆಫ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಪ್ರಬಂಧ ಮೂರೇ ಪುಟದ್ದು. ಅದರಲ್ಲಿದ್ದ ಒಂದು ಚಿತ್ರ ಮಾತ್ರ ಜಗತ್ತನ್ನೆಲ್ಲ ಸುತ್ತಿತು. ಕೆಂಪು ದ್ರಾಕ್ಷಾರಸದ ಮದ್ಯ ಚೆಲ್ಲಿದ ಎರಡು ತುಂಡು ಉಣ್ಣೆ, ಒಂದು ಲೇಪನ ಇರುವುದು, ಇನ್ನೊಂದು ಇಲ್ಲದ್ದು. ಎರಡನ್ನೂ ಕೃತಕ ಸೂರ್ಯನ ಬೆಳಕಿನಲ್ಲಿ 20 ಗಂಟೆ ಇಟ್ಟಾಗ ಲೇಪನವಿದ್ದ ತುಂಡಿನಲ್ಲಿ ಕೆಂಪು ಬಹುಮಟ್ಟಿಗೆ ಮಾಯವಾಗಿತ್ತು. ಇನ್ನೊಂದರಲ್ಲಿ ಕಲೆ ಹಾಗೆಯೇ ಉಳಿದಿತ್ತು.

ಇದು ಸುಳ್ಳಲ್ಲ, ಕಣ್ಕಟ್ಟೂ ಅಲ್ಲ. ಒಳ್ಳೆಯ ರಸಾಯನಶಾಸ್ತ್ರ. ಅದನ್ನು ಮೆಚ್ಚದೆ ಟೀಕಿಸಹೊರಡುವುದು ಸರಿಯಲ್ಲ. ಆದ್ದರಿಂದ ಅದು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯೋಣ.

ಬೆಳಕಿನಲ್ಲಿ ಉರಿಯುವ ಕಲೆ

ಟೈಟಾನಿಯಂ ಡೈ ಆಕ್ಸೈಡ್ ನಿಮಗೆ ಅಪರಿಚಿತ ವಸ್ತುವಲ್ಲ. ಗೋಡೆಯ ಬಿಳಿ ಬಣ್ಣ, ಮುಖಕ್ಕೆ ಹಚ್ಚುವ ಪೌಡರು, ಹಲ್ಲುಜ್ಜುವ ಪೇಸ್ಟು ಇವುಗಳ ಬಿಳುಪಿಗೆ ಅದೇ ಕಾರಣ. ಅದರ ಹರಳುಗಳಲ್ಲಿ ರೂಟೈಲ್ ಮತ್ತು ಅನಟೇಸ್ ಎಂಬ ಎರಡು ರೂಪಗಳು ಮುಖ್ಯ. ನಮಗೆ ಬೇಕಾದದ್ದು ಅನಟೇಸ್. ಇದರಲ್ಲಿ ಎಲೆಕ್ಟ್ರಾನು ತನ್ನ ನೆಲೆ ಬಿಟ್ಟು ಮೇಲಿನ ಪಟ್ಟಿಗೆ ಜಿಗಿಯಲು 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಂದರೆ ಸುಮಾರು 388 ನ್ಯಾನೊಮೀಟರಿಗಿಂತ ಕಡಿಮೆ ತರಂಗದೂರದ ಬೆಳಕು, ಅತಿನೇರಳೆ ಕಿರಣ, ಬೀಳಬೇಕು. ಎಲೆಕ್ಟ್ರಾನು ಜಿಗಿದಲ್ಲಿ ಒಂದು ಧನ ರಂಧ್ರ ಉಳಿಯುತ್ತದೆ. ಈ ರಂಧ್ರ ಮೇಲ್ಮೈಗೆ ತಲುಪಿದರೆ ಅಲ್ಲಿರುವ ನೀರಿನ ಅಣುವಿನಿಂದ ಎಲೆಕ್ಟ್ರಾನನ್ನು ಕಸಿದು ಹೈಡ್ರಾಕ್ಸಿಲ್ ರ್‍ಯಾಡಿಕಲನ್ನು ಹುಟ್ಟಿಸುತ್ತದೆ. ಜಿಗಿದ ಎಲೆಕ್ಟ್ರಾನು ಗಾಳಿಯ ಆಕ್ಸಿಜನ್ನಿಗೆ ಅಂಟಿ ಇನ್ನೊಂದು ಚುರುಕಾದ ಕಣವನ್ನು ಕೊಡುತ್ತದೆ. ಇವೆರಡೂ ಸೇರಿ ಎದುರಿಗೆ ಸಿಕ್ಕ ಸಾವಯವ ಅಣುವನ್ನು ಹಂತ ಹಂತವಾಗಿ ಕತ್ತರಿಸಿ, ಕೊನೆಗೆ ಕಾರ್ಬನ್ ಡೈ ಆಕ್ಸೈಡ್ ಮತ್ತು ನೀರನ್ನಾಗಿ ಮಾಡುತ್ತವೆ. ಜ್ವಾಲೆ ಇಲ್ಲದ, ಬಿಸಿ ಇಲ್ಲದ ದಹನ ಎನ್ನಬಹುದು. ಟೈಟಾನಿಯಂ ಡೈ ಆಕ್ಸೈಡ್ ತಾನು ಖರ್ಚಾಗುವುದಿಲ್ಲ. ಆದ್ದರಿಂದಲೇ ಅದು ದ್ಯುತಿವೇಗವರ್ಧಕ.

ಇದರ ಬೇರು ಜಪಾನಿನಲ್ಲಿದೆ. ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡ 1972ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ಟೈಟಾನಿಯಂ ಡೈ ಆಕ್ಸೈಡ್ ವಿದ್ಯುದಗ್ರದ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದ ವಿಷಯ ಬರೆದರು. ಅದರ ಒಂದು ಮನೆಬಳಕೆಯ ಕವಲೇ ತಾನೇ ತೊಳೆದುಕೊಳ್ಳುವ ಗಾಜು. ಬ್ರಿಟನ್ನಿನ ಪಿಲ್ಕಿಂಗ್‌ಟನ್ ಸಂಸ್ಥೆ 2001ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು.

ಗಾಜಿಗೆ ಹಚ್ಚುವುದು ಸುಲಭ. ಅನಟೇಸ್ ಹರಳು ಚೆನ್ನಾಗಿ ಮೂಡಲು ಸಾಮಾನ್ಯವಾಗಿ 400 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಸುಡುತ್ತಾರೆ, ಗಾಜು ಅದನ್ನು ತಡೆಯುತ್ತದೆ. ಉಣ್ಣೆ 130 ಡಿಗ್ರಿಯ ಆಚೆ ಕೆಡತೊಡಗುತ್ತದೆ. ಅಲ್ಲದೆ ಹತ್ತಿಯ ಸೆಲ್ಯುಲೋಸಿನ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿರುವುದರಿಂದ ಟೈಟಾನಿಯಂ ಅಲ್ಲಿ ಹಿಡಿದು ಕೂರುತ್ತದೆ. ನವಲಗುಂದದ ಜಮಖಾನೆಗೆ ಲೇಪಿಸಬೇಕೆಂದರೆ ಅಷ್ಟು ತೊಡಕಿಲ್ಲ, ಅದು ಹತ್ತಿಯದು. ಉಣ್ಣೆ ಮಾತ್ರ ಕೆರಾಟಿನ್ ಎಂಬ ಪ್ರೋಟೀನು, ಮೇಲೆ ಹೆಂಚು ಹೊದಿಸಿದಂತೆ ಪೊರೆಗಳು, ಆ ಪೊರೆಗಳ ಮೇಲೆ ರಾಸಾಯನಿಕವಾಗಿ ಬಂಧಿತವಾದ ಕೊಬ್ಬಿನಾಮ್ಲದ ಒಂದು ತೆಳು ಪದರ. ಈ ಪದರವೇ ಉಣ್ಣೆಯ ಮೇಲ್ಮೈಯನ್ನು ಜಲವಿರೋಧಿಯಾಗಿಸುತ್ತದೆ. ಮೊನಾಶ್ ತಂಡದ ಜಾಣ್ಮೆ ಇರುವುದು ಇಲ್ಲಿ. ಅವರು ಉಣ್ಣೆಯನ್ನು ಸಕ್ಸಿನಿಕ್ ಅನ್‌ಹೈಡ್ರೈಡಿನಲ್ಲಿ ಸಂಸ್ಕರಿಸಿ ಎಳೆಯ ಮೈಮೇಲೆ ಕಾರ್ಬಾಕ್ಸಿಲ್ ಗುಂಪುಗಳನ್ನು ಕೂಡಿಸಿದರು. ಟೈಟಾನಿಯಮ್ಮಿಗೆ ಅವು ಹಿಡಿಕೆಗಳಾದವು. ಆಮೇಲೆ ಮೊದಲೇ ಹರಳುಗಟ್ಟಿದ, ಕೆಲವೇ ನ್ಯಾನೊಮೀಟರ್ ಗಾತ್ರದ ಅನಟೇಸ್ ಕಣಗಳ ದ್ರಾವಣದಲ್ಲಿ ಅದ್ದಿದರು. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಬಟ್ಟೆಯ ಮೃದುತ್ವವಾಗಲಿ ನೋಟವಾಗಲಿ ಬದಲಾಗದು ಎಂಬುದೂ ಅವರ ವರದಿ.

ಇಷ್ಟು ಒಪ್ಪಿಕೊಂಡ ಮೇಲೆ ಟೀಕೆಗೆ ಬರೋಣ.

ಒಂದು ಚಿಕ್ಕ ಲೆಕ್ಕ

ಪತ್ರಿಕೆಗಳು ಬರೆದದ್ದು 'ತೊಳೆಯಬೇಕಿಲ್ಲದ ಬಟ್ಟೆ' ಎಂದು. ಪ್ರಯೋಗ ತೋರಿಸಿದ್ದು ಒಂದು ಬಗೆಯ ಬಣ್ಣದ ಕಲೆ ಬೆಳಕಿನಲ್ಲಿ ಅಳಿಯಿತು ಎಂದು. ಇವೆರಡರ ನಡುವೆ ಎಷ್ಟು ದೂರ ಎಂಬುದನ್ನು ಕಾಗದ, ಪೆನ್ಸಿಲು ಹಿಡಿದೇ ಅಳೆಯಬಹುದು. ನನ್ನೊಂದಿಗೆ ನೀವೂ ಲೆಕ್ಕ ಹಾಕಿ.

ಒಳ್ಳೆಯ ಬಿಸಿಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿ ಸುಮಾರು 1000 ವ್ಯಾಟ್. ಅದರಲ್ಲಿ ಅನಟೇಸಿಗೆ ಉಪಯೋಗಕ್ಕೆ ಬರುವ ಅತಿನೇರಳೆ ಭಾಗ ಶೇಕಡಾ 3 ಎಂದುಕೊಳ್ಳಿ, 30 ವ್ಯಾಟ್. ಒಂದು ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 50 ಕೋಟಿ ಕೋಟಿ ಫೋಟಾನುಗಳು. ಕೇಳಲು ದೊಡ್ಡ ಸಂಖ್ಯೆ. ಈಗ ಆ ಒಂದು ಚದರ ಸೆಂಟಿಮೀಟರ್ ಬಟ್ಟೆಯ ಮೇಲೆ ಒಂದು ಮಿಲಿಗ್ರಾಂ ಒಗ್ಗರಣೆ ಎಣ್ಣೆ ಬಿದ್ದಿದೆ ಎನ್ನಿ. ಅದರಲ್ಲಿ ಸುಮಾರು 4 ಲಕ್ಷ ಕೋಟಿ ಕೋಟಿ ಕಾರ್ಬನ್ ಪರಮಾಣುಗಳಿವೆ. ಒಂದೊಂದನ್ನೂ ಕಾರ್ಬನ್ ಡೈ ಆಕ್ಸೈಡ್ ಆಗಿಸಲು ಹೆಚ್ಚುಕಡಿಮೆ 6 ಎಲೆಕ್ಟ್ರಾನುಗಳನ್ನು ಕೀಳಬೇಕು, ಒಟ್ಟು 24 ಲಕ್ಷ ಕೋಟಿ ಕೋಟಿ. ಬಿದ್ದ ಪ್ರತಿ ಫೋಟಾನೂ ಒಂದು ಎಲೆಕ್ಟ್ರಾನನ್ನು ಕಿತ್ತರೂ 48,000 ಸೆಕೆಂಡು, ಅಂದರೆ 13 ಗಂಟೆಗೂ ಹೆಚ್ಚು ಬೇಕು. ವಾಸ್ತವದಲ್ಲಿ ಹುಟ್ಟಿದ ಎಲೆಕ್ಟ್ರಾನು, ರಂಧ್ರಗಳಲ್ಲಿ ಹೆಚ್ಚಿನವು ಮೇಲ್ಮೈ ತಲುಪುವ ಮೊದಲೇ ಮತ್ತೆ ಕೂಡಿಬಿಡುತ್ತವೆ. ನೂರು ಫೋಟಾನಿಗೆ ಒಂದು ಕೆಲಸಕ್ಕೆ ಬಂದರೆ ಅದೇ ದೊಡ್ಡದು. ಆಗ ಕಾಲ ನೂರು ಪಟ್ಟು, 1300 ಗಂಟೆ. ದಿನಕ್ಕೆ ಆರು ಗಂಟೆ ಒಳ್ಳೆಯ ಬಿಸಿಲು ಎಂದು ಹಿಡಿದರೆ ಏಳು ತಿಂಗಳಿಗೂ ಮಿಕ್ಕಿ. ಒಮ್ಮೆ ಆರಂಭವಾದ ಉತ್ಕರ್ಷಣೆಯನ್ನು ಗಾಳಿಯ ಆಕ್ಸಿಜನ್ ಸ್ವಲ್ಪ ಮುಂದುವರಿಸುತ್ತದೆ, ಅದಕ್ಕಾಗಿ ಅರ್ಧ ಕಳೆಯಿರಿ. ಮೂರೂವರೆ ತಿಂಗಳು. ಎಣ್ಣೆಯ ಕಲೆಯಾದ ಕೋಟನ್ನು ಯುಗಾದಿಗೆ ಬಿಸಿಲಿಗೆ ಹಾಕಿದರೆ ಕಾರಹುಣ್ಣಿಮೆ ದಾಟಿದ ಮೇಲೆ ತೆಗೆಯಬೇಕಾದೀತು, ಅಷ್ಟರಲ್ಲಿ ಮಳೆ ಹಿಡಿಯದಿದ್ದರೆ.

ಹಾಗಾದರೆ ಮದ್ಯದ ಕಲೆ 20 ಗಂಟೆಯಲ್ಲಿ ಹೇಗೆ ಹೋಯಿತು? ಅದರಲ್ಲಿರುವ ಬಣ್ಣದ ಪದಾರ್ಥ ಚದರ ಸೆಂಟಿಮೀಟರಿಗೆ ಮಿಲಿಗ್ರಾಮಿನ ಒಂದು ಚಿಕ್ಕ ಅಂಶ ಮಾತ್ರ. ಜೊತೆಗೆ ಬಣ್ಣ ಹೋಗಲು ಅಣು ಪೂರ್ತಿ ಸುಟ್ಟುಹೋಗಬೇಕಿಲ್ಲ. ಬಣ್ಣಕ್ಕೆ ಕಾರಣವಾದ ಸರಣಿ ದ್ವಿಬಂಧಗಳಲ್ಲಿ ಒಂದೆರಡು ಮುರಿದರೆ ಸಾಕು, ಕಣ್ಣಿಗೆ ಕಲೆ ಕಾಣದು. ಉಳಿದ ತುಂಡುಗಳು ಬಟ್ಟೆಯಲ್ಲೇ ಇರಬಹುದು. ಕಲೆ ಕಾಣದಿರುವುದು, ಕೊಳೆ ಹೋಗಿರುವುದು ಎರಡೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಸುದ್ದಿ ಮಾಡಿದವರು ನುಂಗಿಬಿಟ್ಟರು, ನಾನೂ ಬಮ್ಮಿಗಟ್ಟಿಯಲ್ಲಿ ನುಂಗಿದೆ.

ಈ ವಿಷಯದ ಪರೀಕ್ಷಾ ವಿಧಾನದಲ್ಲಿಯೇ ಈ ದೋಷ ಸೇರಿಕೊಂಡಿದೆ. ದ್ಯುತಿವೇಗವರ್ಧಕ ಮೇಲ್ಮೈಗಳ ಚಟುವಟಿಕೆ ಅಳೆಯಲು ಮೆಥಿಲೀನ್ ಬ್ಲೂ ಎಂಬ ಬಣ್ಣದ ದ್ರಾವಣ ಎಷ್ಟು ಬೇಗ ಮಾಸುತ್ತದೆ ಎಂದು ನೋಡುವುದು ರೂಢಿ. 2010ರ ಒಂದು ಅಂತಾರಾಷ್ಟ್ರೀಯ ಮಾನಕವೂ ಇದನ್ನೇ ಹೇಳುತ್ತದೆ. ಮೇಲ್ಮೈಗಳನ್ನು ಒಂದಕ್ಕೊಂದು ಹೋಲಿಸಲು ಇದು ಸುಲಭ, ಅಗ್ಗ. ಆದರೆ ಮೆಥಿಲೀನ್ ಬ್ಲೂ ಉತ್ಕರ್ಷಣೆಯಿಂದಲ್ಲದೆ ಅಪಕರ್ಷಣೆಯಿಂದಲೂ ಬಣ್ಣ ಕಳೆದುಕೊಳ್ಳುತ್ತದೆ, ಕಾಣುವ ಬೆಳಕನ್ನು ತಾನೇ ಹೀರಿ ಕೆಡಲೂಬಲ್ಲದು. ಅಂಗಿಯ ಕಾಲರಿನ ಜಿಡ್ಡು, ಬೆವರು, ಹಾಲು, ಸಗಣಿ ಯಾವುದೂ ಮೆಥಿಲೀನ್ ಬ್ಲೂ ಅಲ್ಲ. ಉಣ್ಣೆಯ ಮೇಲಿನ ಪ್ರಬಂಧಗಳನ್ನು ಓದುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ಇಂಥ ಬಣ್ಣಗಳು, ಕಾಫಿ, ಮದ್ಯ. ಎಲ್ಲ ತೆಳುವಾದ, ಬಣ್ಣದ, ಬಿಳಿ ಬಟ್ಟೆಯ ಮೇಲೆ ಚಿತ್ರಕ್ಕೆ ಚೆನ್ನಾಗಿ ಒದಗುವ ಕಲೆಗಳು.

ನಮ್ಮ ಕಡೆಯ ಕೊಳೆಯಲ್ಲಿ ಇನ್ನೂ ಒಂದು ಜಾತಿಯಿದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು, ಕಲಘಟಗಿ ಕಡೆಯ ಕೆಮ್ಮಣ್ಣು. ಮಣ್ಣು ಎಂದರೆ ಸಿಲಿಕ, ಅಲ್ಯುಮಿನ, ಕಬ್ಬಿಣದ ಆಕ್ಸೈಡ್. ಇವೆಲ್ಲ ಈಗಾಗಲೇ ಪೂರ್ತಿ ಉತ್ಕರ್ಷಣೆಗೊಂಡ ವಸ್ತುಗಳು. ಸುಟ್ಟ ಬೂದಿಯನ್ನು ಮತ್ತೆ ಸುಡಲಾದೀತೆ? ಟೈಟಾನಿಯಂ ಡೈ ಆಕ್ಸೈಡ್ ಎಷ್ಟೇ ಚುರುಕಾಗಿರಲಿ, ಕೆಮ್ಮಣ್ಣಿನ ಕಲೆಯ ಮುಂದೆ ಅದು ಕೈಕಟ್ಟಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಮಣ್ಣು ಮೇಲೆ ಮುಚ್ಚಿಕೊಂಡರೆ ಕೆಳಗಿನ ಕಣಗಳಿಗೆ ಬೆಳಕೂ ತಲುಪದು.

ನೀರು ಕುಡಿಯುವ ಕಂಬಳಿ

ಈಗ ಆ ಹಿರಿಯರ ಕಂಬಳಿಗೆ ಬರೋಣ. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇರುವುದು ಇಲ್ಲಿ.

ಪ್ರಯೋಗಾಲಯದ ಉಣ್ಣೆ ಮೆರಿನೊ ಕುರಿಯದು. ಎಳೆಯ ವ್ಯಾಸ 20 ಮೈಕ್ರಾನಿನ ಆಸುಪಾಸು, ಬಿಳುಪು, ಚೆನ್ನಾಗಿ ತೊಳೆದು ಜಿಡ್ಡು ತೆಗೆದದ್ದು. ಉತ್ತರ ಕರ್ನಾಟಕದ ಕಂಬಳಿ ಡೆಕ್ಕನಿ ಕುರಿಯದು. ಎಳೆ ಬಹಳ ಒರಟು, ನಡುನಡುವೆ ಕೂದಲಿನಂತೆ ಟೊಳ್ಳು ಎಳೆಗಳು, ಬಣ್ಣ ಬಹುಪಾಲು ಹುಟ್ಟುಗಪ್ಪು. ಆ ಕಪ್ಪು ಮೆಲನಿನ್ ಎಂಬ ವರ್ಣದ್ರವ್ಯದ್ದು, ಬಣ್ಣ ಹಾಕಿದ್ದಲ್ಲ. ಕುರುಬರ ಮನೆಗಳಲ್ಲಿ ಹೆಂಗಸರು ನೂಲು ತೆಗೆದು, ಗಂಡಸರು ಕುಣಿಮಗ್ಗದಲ್ಲಿ ಕುಳಿತು ನೇಯುವುದು ವಾಡಿಕೆ. ಹಾಸಿಗೆ ಎಳೆಗಳಿಗೆ ಹುಣಸೆ ಬೀಜದ ಸರಿಯನ್ನು ಬಳಿಯುತ್ತಾರೆ. ಹೊಸ ಕಂಬಳಿ ಬಿರುಸಾಗಿ ನಿಲ್ಲುವುದು ಆ ಸರಿಯಿಂದ.

ಮೊದಲನೆಯದಾಗಿ, ಕರಿ ಕಂಬಳಿಯ ಮೇಲೆ ಕಲೆ ಕಾಣುವುದೇ ಇಲ್ಲ. ಬಣ್ಣ ಮಾಸಿಸುವುದೇ ಮುಖ್ಯ ಗುಣವಾದ ಲೇಪನಕ್ಕೆ ಇಲ್ಲಿ ಮಾಡಲು ಕೆಲಸವೇನು?

ಎರಡನೆಯದು ಇನ್ನೂ ಗಂಭೀರ. ಟೈಟಾನಿಯಂ ಡೈ ಆಕ್ಸೈಡ್ ಮೇಲ್ಮೈಯ ಮೇಲೆ ಅತಿನೇರಳೆ ಕಿರಣ ಬಿದ್ದಾಗ ಅದು ವಿಪರೀತ ಜಲಸ್ನೇಹಿಯಾಗುತ್ತದೆ ಎಂಬುದನ್ನು ಫುಜಿಶಿಮಾ ಅವರೂ ಇದ್ದ ಜಪಾನಿ ತಂಡ 1997ರಲ್ಲಿ ತೋರಿಸಿತು. ನೀರಿನ ಹನಿ ಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಿಬಿಡುತ್ತದೆ, ಸ್ಪರ್ಶಕೋನ ಸೊನ್ನೆಗೆ ಹತ್ತಿರವಾಗುತ್ತದೆ. ಕಿಟಕಿಯ ಗಾಜಿಗೆ ಇದು ವರ. ಮಳೆ ನೀರು ಹರಡಿ ದೂಳನ್ನು ಎತ್ತಿಕೊಂಡು ಜಾರಿಹೋಗುತ್ತದೆ. ಉಣ್ಣೆಯಲ್ಲಿ ಏನಾಗುತ್ತದೆ? ಎಳೆಯ ಮೇಲಿನ ಕೊಬ್ಬಿನಾಮ್ಲದ ಪದರವನ್ನು ಒಂದು ಕಡೆ ಸಂಸ್ಕರಣೆ, ಇನ್ನೊಂದು ಕಡೆ ದ್ಯುತಿವೇಗವರ್ಧಕ ಕೆಡಿಸುತ್ತವೆ. ಆಮೇಲೆ ಹೊಸ ಮೇಲ್ಮೈ ನೀರನ್ನು ಎಳೆದುಕೊಳ್ಳುತ್ತದೆ. ಆಸ್ಟ್ರೇಲಿಯದ ಡೀಕಿನ್ ವಿಶ್ವವಿದ್ಯಾಲಯದಲ್ಲಿ ಪಾಕ್ದೆಲ್, ದಾವೂದ್ ಮತ್ತು ವಾಂಗ್ ಅವರು 2013ರಲ್ಲಿ ಟೈಟಾನಿಯದ ಜೊತೆ ಸಿಲಿಕ ಬೆರೆಸಿ ಉಣ್ಣೆಗೆ ಲೇಪಿಸಿದಾಗ ಬಂದ ಅತಿ ಜಲಸ್ನೇಹಿ ಗುಣವನ್ನು ಪ್ರಬಂಧದ ಶೀರ್ಷಿಕೆಯಲ್ಲಿಯೇ ಒಂದು ಸಾಧನೆಯಾಗಿ ಎತ್ತಿ ಹೇಳಿದ್ದಾರೆ. ಬೇಸಿಗೆಯಲ್ಲಿ ಮೈಗಂಟಿ ತೊಡುವ ತೆಳು ಉಣ್ಣೆಗೆ, ಬೆವರು ಬೇಗ ಹರಡಿ ಆರಬೇಕಾದ ಆಟಗಾರರ ಅಂಗಿಗೆ ಅದು ನಿಜವಾಗಿ ಸಾಧನೆಯೇ.

ಆದರೆ ಕಲಘಟಗಿ ತಾಲ್ಲೂಕು ಅರೆಮಲೆನಾಡು. ಆಷಾಢದ ಜಿಟಿಜಿಟಿ ಮಳೆಯಲ್ಲಿ ದನ ಕಾಯುವವನು, ಗದ್ದೆಯ ಬದು ನೋಡಲು ಹೋಗುವವನು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಇಳಿಬಿಡುತ್ತಾನೆ. ಪೂರ್ತಿ ತೊಳೆಯದ ಉಣ್ಣೆಯಲ್ಲಿ ಉಳಿದ ಜಿಡ್ಡು, ಎಳೆಯ ಸ್ವಂತ ಕೊಬ್ಬಿನ ಪದರ, ಒತ್ತಾದ ನೇಯ್ಗೆ ಮೂರೂ ಸೇರಿ ನೀರು ಬಹಳ ಹೊತ್ತು ಹೊರಗೇ ಜಾರುತ್ತದೆ. ಒಳಗೆ ಹೊಕ್ಕ ನೀರಾವಿಯನ್ನು ಎಳೆ ತನ್ನ ತೂಕದ ಹೆಚ್ಚುಕಡಿಮೆ ಮೂರನೇ ಒಂದರಷ್ಟು ಹೀರಿಕೊಂಡೂ ಮೈಗೆ ಒದ್ದೆ ಎನಿಸುವುದಿಲ್ಲ. ಇಂಥ ಕಂಬಳಿಗೆ ಜಲಸ್ನೇಹಿ ಲೇಪನ ಹಚ್ಚುವುದೆಂದರೆ ಕೊಡೆಗೆ ತೂತು ಕೊರೆದಂತೆ. ಕಂಬಳಿ ನೀರು ಕುಡಿದು, ಭಾರವಾಗಿ, ಹೊದ್ದವನನ್ನು ನಡುಗಿಸುತ್ತದೆ. ಪ್ರಯೋಗಾಲಯದಲ್ಲಿ ಗುಣ ಎಂದು ದಾಖಲಾದದ್ದು ಬಮ್ಮಿಗಟ್ಟಿಯ ಬಯಲಿನಲ್ಲಿ ದೋಷ. ಯಾವ ಗುಣವೂ ತನ್ನಷ್ಟಕ್ಕೆ ಒಳ್ಳೆಯದಲ್ಲ, ಬಳಸುವವನು ಯಾರು ಎಂಬುದರ ಮೇಲಿದೆ ಎಂಬುದನ್ನು ನಮ್ಮ ತಂತ್ರಜ್ಞಾನದ ಬರಹಗಳು ಮರೆಯುವುದು ಸ್ವಲ್ಪ ಹೆಚ್ಚೇ.

ಹಾಗಾದರೆ ಕಮಲದ ಎಲೆಯ ದಾರಿ ಹಿಡಿಯಬಾರದೆ ಎಂದು ನೀವು ಕೇಳಬಹುದು. ಜರ್ಮನಿಯ ವಿಲ್‌ಹೆಲ್ಮ್ ಬಾರ್ಟ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ವಿವರಿಸಿದಂತೆ, ಮೇಣದ ಸೂಕ್ಷ್ಮ ಉಬ್ಬುತಗ್ಗುಗಳಿಂದ ಎಲೆಯ ಮೇಲೆ ನೀರು ಮಣಿಯಂತೆ ಉರುಳಿ ದೂಳನ್ನು ಒಯ್ಯುತ್ತದೆ. ಇದನ್ನು ಅನುಕರಿಸುವ ಬಟ್ಟೆಗಳು ಬಂದಿವೆ. ಆದರೆ ನೀರಿನ ಜೊತೆ ಎಣ್ಣೆಯನ್ನೂ ದೂರ ಇಡಬೇಕಾದರೆ ಬಹುಪಾಲು ಬಳಸಿದ್ದು ಫ್ಲೂರಿನ್ ಇರುವ ಉದ್ದ ಸರಪಳಿಯ ಸಂಯುಕ್ತಗಳನ್ನು. ಅವು ಮಣ್ಣಿನಲ್ಲೂ ನೀರಿನಲ್ಲೂ ಕೊಳೆಯದೆ ಉಳಿಯುತ್ತವೆ. ಆ ವರ್ಗದ ಎರಡು ಮುಖ್ಯ ರಾಸಾಯನಿಕಗಳು 2009 ಮತ್ತು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧದ ಪಟ್ಟಿ ಸೇರಿವೆ. ಆ ದಾರಿಯ ಕಥೆ ಇಷ್ಟು.

ಎಳೆಯನ್ನೂ ಸುಡಬಹುದಲ್ಲ?

ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ಈ ಸಂಶಯ ಆಗಲೇ ಬಂದಿರಬೇಕು. ಕಲೆಯೂ ಸಾವಯವ, ಉಣ್ಣೆಯೂ ಸಾವಯವ. ಹೈಡ್ರಾಕ್ಸಿಲ್ ರ್‍ಯಾಡಿಕಲಿಗೆ ತನ್ನವರು, ಪರರು ಎಂಬ ಭೇದವುಂಟೆ? ಮನೆಯ ಹೊರಗೋಡೆಯ ಹಳೆಯ ಬಣ್ಣವನ್ನು ಕೈಯಿಂದ ಸವರಿದರೆ ಬಿಳಿ ಪುಡಿ ಅಂಟುತ್ತದಲ್ಲ, ಅದಕ್ಕೆ ಒಂದು ಕಾರಣ ಬಣ್ಣದಲ್ಲಿರುವ ಟೈಟಾನಿಯಂ ಡೈ ಆಕ್ಸೈಡ್ ಬಿಸಿಲಿನಲ್ಲಿ ತನ್ನನ್ನು ಹಿಡಿದಿಟ್ಟ ಅಂಟನ್ನೇ ಸುಡುವುದು. ಅದನ್ನು ತಡೆಯಲೆಂದೇ ಬಣ್ಣದ ಕಂಪನಿಗಳು ರೂಟೈಲ್ ಕಣಗಳಿಗೆ ಸಿಲಿಕ, ಅಲ್ಯುಮಿನಗಳ ಹೊದಿಕೆ ಹಾಕುತ್ತವೆ.

ಉಣ್ಣೆಯ ವಿಷಯದಲ್ಲಿ ಉತ್ತರ ಸರಳವಿಲ್ಲ. ಬರಿಯ ಉಣ್ಣೆಯೇ ಬಿಸಿಲಿಗೆ ಹಳದಿಯಾಗುತ್ತದೆ. ಕೆರಾಟಿನ್ನಿನ ಟ್ರಿಪ್ಟೊಫಾನ್ ಮೊದಲಾದ ಅಮೈನೋ ಆಮ್ಲಗಳು ಅತಿನೇರಳೆ ಕಿರಣ ಹೀರಿ ಕೆಡುತ್ತವೆ. ಟೈಟಾನಿಯಂ ಡೈ ಆಕ್ಸೈಡ್ ಆ ಕಿರಣವನ್ನು ತಾನು ಹೀರಿ ಒಂದು ಬಗೆಯ ಕೊಡೆಯಾಗುತ್ತದೆ. ಇರಾನಿನ ಅಮೀರ್ ಕಬೀರ್ ವಿಶ್ವವಿದ್ಯಾಲಯದ ಮಜೀದ್ ಮೊಂತಾಜರ್ ಅವರ ತಂಡ, ಲೇಪನದಿಂದ ಉಣ್ಣೆ ಹಳದಿಯಾಗುವುದು ಕಡಿಮೆಯಾಯಿತು ಎಂದು ವರದಿ ಮಾಡಿದೆ. ಹೀಗೆ ಒಂದೇ ಕಣ ರಕ್ಷಕನೂ ಹೌದು, ಭಕ್ಷಕನೂ ಹೌದು. ಯಾವುದು ಗೆಲ್ಲುತ್ತದೆ ಎಂಬುದು ಹರಳಿನ ರೂಪ, ಪ್ರಮಾಣ, ತೇವಾಂಶ, ಬಿಸಿಲಿನ ಕಾಲ ಇವುಗಳ ಮೇಲೆ ನಿಂತಿದೆ. ಒಂದು ಕಂಬಳಿ ಹತ್ತಿಪ್ಪತ್ತು ವರ್ಷ ಬಾಳುವ ವಸ್ತು. ಹತ್ತಾರು ಗಂಟೆಯ ದೀಪದ ಬೆಳಕಿನ ಪರೀಕ್ಷೆಯಿಂದ ಹತ್ತು ವರ್ಷದ ಬಾಳಿಕೆಯನ್ನು ಹೇಳಲಾಗದು. ಎಳೆಯ ಕರ್ಷಣ ಬಲ ಎಷ್ಟು ಉಳಿಯಿತು ಎಂಬ ಅಂಕಿಯನ್ನು, ಕಲೆಯ ಚಿತ್ರವನ್ನಲ್ಲ, ನಾವು ಮೊದಲು ಕೇಳಬೇಕು.

ಒಗೆತದ ಮಾತೂ ಹಾಗೆಯೇ. ಲೇಪನ ಗಟ್ಟಿ ಎಂಬ ಹೇಳಿಕೆಗಳ ಹಿಂದೆ ಇರುವುದು ಪ್ರಯೋಗಾಲಯದ ಯಂತ್ರದಲ್ಲಿ, ಅಳತೆಯ ಸಾಬೂನಿನಲ್ಲಿ, ಎಣಿಸಿದಷ್ಟು ಬಾರಿ ಒಗೆದ ಫಲಿತಾಂಶ. ಹಳ್ಳದ ಬಂಡೆಗೆ ಬಡಿಯುವುದನ್ನು ಯಾರೂ ಪರೀಕ್ಷಿಸಿಲ್ಲವೆಂದು ನಾನು ದೂರುವುದಿಲ್ಲ, ಉಣ್ಣೆಯನ್ನು ಹಾಗೆ ಬಡಿಯಲೂಬಾರದು. ಆದರೆ ಬಿಟ್ಟುಹೋದ ಕಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. 2008ರಲ್ಲಿಯೇ, ಅಂದರೆ ಉಣ್ಣೆಯ ಪ್ರಬಂಧ ಬಂದ ವರ್ಷವೇ, ಅಮೆರಿಕದ ಅರಿಜೋನ ರಾಜ್ಯ ವಿಶ್ವವಿದ್ಯಾಲಯದ ಬೆನ್ ಮತ್ತು ವೆಸ್ಟರ್‌ಹಾಫ್ ಅವರು ವಾಸನೆ ಬಾರದ ಕಾಲುಚೀಲಗಳನ್ನು ನೀರಿನಲ್ಲಿ ತೊಳೆದು ನೋಡಿದರು. ಅವುಗಳಲ್ಲಿದ್ದ ನ್ಯಾನೊ ಬೆಳ್ಳಿ ಕೆಲವು ಚೀಲಗಳಿಂದ ನಾಲ್ಕಾರು ಬಾರಿ ತೊಳೆಯುವಷ್ಟರಲ್ಲಿಯೇ ಬಹುಪಾಲು ಹೊರಬಿತ್ತು, ಕೆಲವುಗಳಿಂದ ಬರಲೇ ಇಲ್ಲ. ಕಣವನ್ನು ಹೇಗೆ ಕಟ್ಟಿಹಾಕಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದಾಯಿತು. ನಗರದಲ್ಲಿ ಕೊಳಚೆ ಸಂಸ್ಕರಣ ಘಟಕವಾದರೂ ಇರುತ್ತದೆ. ಹಳ್ಳಿಯಲ್ಲಿ ಒಗೆದ ನೀರು ನೇರ ಹಳ್ಳಕ್ಕೆ, ಹಳ್ಳದಿಂದ ಬೇಡ್ತಿಗೆ.

ಟೈಟಾನಿಯಂ ಡೈ ಆಕ್ಸೈಡ್ ವಿಷವೇ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ನುಣ್ಣನೆಯ ಪುಡಿ ಉಸಿರಿನಲ್ಲಿ ಹೋದರೆ ಎಂಬ ಕಾರಣಕ್ಕೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2006ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆ ಇದೆ ಎಂಬ ವರ್ಗಕ್ಕೆ ಸೇರಿಸಿತು, ಅದೂ ಮುಖ್ಯವಾಗಿ ಇಲಿಗಳ ಮೇಲಿನ ಪುರಾವೆಯಿಂದ. ಆಹಾರದ ಬಿಳಿ ಬಣ್ಣವಾಗಿ ಅದನ್ನು ಯೂರೋಪ್ ಒಕ್ಕೂಟ 2022ರಲ್ಲಿ ನಿಷೇಧಿಸಿತು. ಇವೆರಡೂ ಬಟ್ಟೆಗೆ ಅಂಟಿದ ಲೇಪನದ ಬಗ್ಗೆ ಹೇಳಿದ ಮಾತುಗಳಲ್ಲ. ಆದರೆ ಬಟ್ಟೆಗೆ ಲೇಪಿಸುವ ಕೆಲಸಗಾರ, ಒಣಪುಡಿಯೊಂದಿಗೆ ವ್ಯವಹರಿಸುವವ ನಮ್ಮವನೇ ಆಗಿರುತ್ತಾನೆ. ಅವನ ಮೂಗಿಗೆ ಏನು ರಕ್ಷಣೆ ಎಂಬುದು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಎಲ್ಲಿ ಉಪಯೋಗ?

ಉಪಯೋಗವೇ ಇಲ್ಲ ಎಂದರೆ ಅನ್ಯಾಯ. ಬಿಳಿ ಅಥವಾ ತಿಳಿಬಣ್ಣದ, ಬೆಲೆಬಾಳುವ, ಪ್ರತಿ ಸಲ ಡ್ರೈ ಕ್ಲೀನಿಂಗ್‌ಗೆ ಕೊಡಬೇಕಾದ ಮೆರಿನೊ ಕೋಟಿಗೆ ಇಂಥ ಲೇಪನ ಹಾಕಿ, ಬಿಸಿಲಿಗೆ ಹಿಡಿದು, ಎರಡು ಬಾರಿಯ ಬದಲು ಒಂದು ಬಾರಿ ತೊಳೆಸಿದರೆ ಅಷ್ಟು ದ್ರಾವಕ ಉಳಿಯುತ್ತದೆ. ತೆಳುವಾಗಿ ಅಂಟಿದ ವಾಸನೆಯ ಅಣುಗಳು, ಬ್ಯಾಕ್ಟೀರಿಯ ಇವುಗಳ ಮೇಲೆಯೂ ಈ ಕ್ರಿಯೆ ನಡೆಯುತ್ತದೆ, ಪ್ರಮಾಣ ಅತ್ಯಲ್ಪವಾದ್ದರಿಂದ ನಮ್ಮ ಮೇಲಿನ ಲೆಕ್ಕವೂ ಅಡ್ಡಬರದು. ರೈಲಿನ ಕಂಬಳಿಗಳನ್ನು ತಿಂಗಳಿಗೆ ಕನಿಷ್ಠ ಒಂದು ಸಲ ತೊಳೆಯಲಾಗುತ್ತದೆ ಎಂದು 2024ರಲ್ಲಿ ರೈಲ್ವೆ ಸಚಿವರು ಲೋಕಸಭೆಗೆ ತಿಳಿಸಿದಾಗ ದೇಶವೆಲ್ಲ ಮೂಗು ಮುಚ್ಚಿಕೊಂಡಿತು. ಅಂಥಲ್ಲಿ ಲೇಪನ ಬಂದರೆ ಒಳ್ಳೆಯದಲ್ಲವೆ ಎನಿಸುವುದು ಸಹಜ. ಆದರೆ ರೈಲಿನ ಡಬ್ಬಿಯೊಳಗೆ ಅತಿನೇರಳೆ ಕಿರಣವೆಲ್ಲಿ? ಕಿಟಕಿಯ ಗಾಜು ಅದರಲ್ಲಿ ಒಂದಷ್ಟನ್ನು ತಡೆಯುತ್ತದೆ, ಎಲ್‌ಇಡಿ ದೀಪ ಅದನ್ನು ಕೊಡದು. ಈ ಕೊರತೆ ನೀಗಲೆಂದು ಕಾಣುವ ಬೆಳಕನ್ನು ಹೀರುವ ಪಾರ್ಫಿರಿನ್ ಬಣ್ಣಗಳನ್ನು ಟೈಟಾನಿಯಕ್ಕೆ ಜೋಡಿಸುವ, ಬೆಳ್ಳಿ, ತಾಮ್ರದ ನ್ಯಾನೊ ರಚನೆಗಳನ್ನು ಹತ್ತಿಯ ಮೇಲೆ ಬೆಳೆಸುವ ಪ್ರಯತ್ನಗಳು ನಡೆದಿವೆ. ಎರಡನೆಯದು 2016ರಲ್ಲಿ ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದ್ದು, ಆಗಲೂ ಪತ್ರಿಕೆಗಳು ಒಗೆಯುವ ಯಂತ್ರಕ್ಕೆ ವಿದಾಯ ಹೇಳಿದವು. ಯಂತ್ರಗಳು ಇನ್ನೂ ತಿರುಗುತ್ತಲೇ ಇವೆ.

ಕಂಬಳಿ ನೇಯುವವರ ಹೆಸರಿನಲ್ಲಿ ಮಾತ್ರ ಈ ತಂತ್ರವನ್ನು ಯಾರಾದರೂ ಯೋಜನೆಯಾಗಿ ತಂದರೆ ನಾವು ಒಂದು ಕ್ಷಣ ನಿಂತು ಕೇಳಬೇಕು. ಅವರ ತೊಂದರೆ ಕಲೆಯದ್ದಲ್ಲ. ಡೆಕ್ಕನಿ ಉಣ್ಣೆಗೆ ಬೆಲೆ ಇಲ್ಲ, ಕತ್ತರಿಸುವ ಕೂಲಿಯೂ ಗಿಟ್ಟುವುದಿಲ್ಲ ಎಂಬ ದೂರು ಹಳೆಯದು. ಮಾಂಸದ ಬೆಲೆ ಏರಿ, ಉಣ್ಣೆ ಬಾರದ ತಳಿಗಳನ್ನು ಬೆರೆಸುವುದು ಹೆಚ್ಚಿದೆ. ಕಾರ್ಖಾನೆಯ ಅಗ್ಗದ ಹೊದಿಕೆಗಳು ಪೇಟೆ ತುಂಬಿವೆ. ಕಂಬಳಿಗೆ ನಿಜವಾದ ವೈರಿಗಳು ಇಬ್ಬರು, ಚುಚ್ಚುವ ಒರಟುತನ ಮತ್ತು ಕೆರಾಟಿನ್ನನ್ನೇ ತಿಂದು ಅರಗಿಸಿಕೊಳ್ಳುವ ಹುಳ. ಹುಳಕ್ಕೆ ಮದ್ದೆಂದು ನಮ್ಮಲ್ಲಿ ಬೇವಿನ ಸೊಪ್ಪು ಇಟ್ಟು ಮಡಿಚುವುದುಂಟು. ಇನ್ನು ಹುಣಸೆ ಬೀಜದ ಸರಿ. ಅದು ಕ್ಸೈಲೊಗ್ಲೂಕಾನ್ ಎಂಬ ಪಾಲಿಸ್ಯಾಕರೈಡ್, ಅದೂ ಒಂದು ಲೇಪನವೇ, ಬಟ್ಟೆ ಗಿರಣಿಗಳೂ ಅದರ ಪುಡಿಯನ್ನು ಬಳಸುತ್ತವೆ. ಡೆಕ್ಕನಿ ಎಳೆಯ ಮೇಲೆ ಅದು ಹೇಗೆ ಕೂರುತ್ತದೆ, ಎಷ್ಟು ಮಳೆಗೆ ಬಿಡುತ್ತದೆ, ಅದರೊಳಗೆ ಹುಳ ತಡೆಯುವ ವಸ್ತುವನ್ನು ಕೂಡಿಸಬಹುದೆ ಎಂಬುದನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಅಲ್ಲಿ ಜವಳಿ ಅಧ್ಯಯನದ ವಿಭಾಗವೂ ಇದೆ. ಬಮ್ಮಿಗಟ್ಟಿಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ.

ಶಾಲೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆಯನ್ನು ಹೇಳಿ ಮುಗಿಸುತ್ತೇನೆ. ಇದಕ್ಕೆ ನ್ಯಾನೊ ಕಣ ಬೇಡ, ಆ ಪುಡಿಯನ್ನು ಮಕ್ಕಳ ಕೈಗೆ ಕೊಡಲೂಬೇಡಿ. ಬಿಳಿ ಬಟ್ಟೆಯ ಆರು ತುಂಡು ತೆಗೆದುಕೊಳ್ಳಿ. ಎರಡಕ್ಕೆ ಅರಿಸಿನದ ನೀರು, ಎರಡಕ್ಕೆ ಚ್ಯಾದ ಕಷಾಯ, ಎರಡಕ್ಕೆ ಕೆಮ್ಮಣ್ಣಿನ ಬಗ್ಗಡ ಒಂದೇ ಅಳತೆಯಲ್ಲಿ ಹನಿಸಿ. ಪ್ರತಿ ಜೋಡಿಯಲ್ಲಿ ಒಂದನ್ನು ಬಿಸಿಲಿಗೆ, ಇನ್ನೊಂದನ್ನು ಪೆಟ್ಟಿಗೆಯ ಕತ್ತಲಿಗೆ ಇಟ್ಟು, ದಿನವೂ ಎಷ್ಟು ಗಂಟೆ ಬಿಸಿಲು ಬಿತ್ತು ಎಂದು ಬರೆಯುತ್ತ ಹೋಗಿ. ಅರಿಸಿನದ ಕಲೆ ಯಾವ ಲೇಪನವೂ ಇಲ್ಲದೆ ಬಿಸಿಲಿನಲ್ಲಿ ಬೇಗ ಮಾಸುವುದನ್ನು ಕಾಣುವಿರಿ, ಅದರ ಕರ್ಕ್ಯುಮಿನ್ ಬೆಳಕಿಗೆ ತಾಳದು. ಮುಂದೆ ಯಾರಾದರೂ ಅರಿಸಿನ ಹಾಕಿದ ಸಾರು ಚೆಲ್ಲಿ ತಮ್ಮ ನ್ಯಾನೊ ಬಟ್ಟೆಯ ಮಹಿಮೆ ತೋರಿಸಿದರೆ, ಲೇಪನವಿಲ್ಲದ ತುಂಡು ಎಲ್ಲಿ, ಕತ್ತಲಲ್ಲಿಟ್ಟ ತುಂಡು ಎಲ್ಲಿ ಎಂದು ನಿಮ್ಮ ಮಕ್ಕಳೇ ಕೇಳುತ್ತಾರೆ. ಕೆಮ್ಮಣ್ಣಿನ ಜೋಡಿಯನ್ನು ತಿಂಗಳಾದರೂ ಎಸೆಯಬೇಡಿ, ಎರಡನ್ನೂ ಪಕ್ಕದಲ್ಲಿ ಪಿನ್ ಚುಚ್ಚಿ ಫಲಕದ ಮೇಲೆ ಇಡಿ.